ಸೀನಾಯಿ ಬೆಟ್ಟವನ್ನು ಬಿಟ್ಟು ಬಂದದ್ದು ಯಾಕೆ?

ಪ್ರಶ್ನೆ: ವಿಮೋಚನಕಾಂಡದಲ್ಲಿ ದೇವರು ಸೀನಾಯಿ ಬೆಟ್ಟದ ಮೇಲೆ ಬೆಂಕಿಯೊಳಗೆ ಇಳಿದು ಬಂದ ಎಂದು ಓದಿದ್ದೇನೆ. ಅಷ್ಟು ದೊಡ್ಡ ಘಟನೆ ನಡೆದ ಬೆಟ್ಟದಲ್ಲಿ ಯೆಹೂದ್ಯರು ಒಂದು ಗುಡಿಯನ್ನೂ ಯಾಕೆ ಕಟ್ಟಲಿಲ್ಲ? ಯೆರೂಸಲೇಮಿನ ಚೀಯೋನ್ ಗುಡ್ಡಕ್ಕೆ ಅಷ್ಟು ಮಹತ್ವ ಹೇಗೆ ಬಂತು? ಅವರ ಹಳೆಯ ಗ್ರಂಥಗಳಲ್ಲಿ ಬೆಟ್ಟ ತಾನೇ ಪವಿತ್ರವೋ? ಬೈಬಲ್‌ನ ಹೊರಗಿನ ಯೆಹೂದಿ ಬರಹಗಳು ಈ ಬಗ್ಗೆ ಏನು ಹೇಳುತ್ತವೆ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಹಳೆಯ ಯೆಹೂದಿ ಬರಹಗಳಲ್ಲಿ ಕಲ್ಲು ಮಣ್ಣಿನ ಬೆಟ್ಟ ತನ್ನಷ್ಟಕ್ಕೆ ತಾನೇ ಪವಿತ್ರವಾಗುವುದಿಲ್ಲ. ದೇವರು ಅಲ್ಲಿಗೆ ಬಂದರೆ, ಅಥವಾ ಆ ಜಾಗವನ್ನು ಆರಿಸಿಕೊಂಡರೆ ಅದು ಪವಿತ್ರ. ಸೀನಾಯಿಗೆ ದೇವರು ಬಂದ, ಹೋದ. ಚೀಯೋನನ್ನು ಆರಿಸಿಕೊಂಡ. ನಿಮ್ಮ ಪ್ರಶ್ನೆಯ ಬಹುಪಾಲು ಈ ವ್ಯತ್ಯಾಸದಲ್ಲೇ ಅಡಗಿದೆ. ಆದರೆ ಆರಿಸಿಕೊಂಡ ಬೆಟ್ಟವನ್ನೂ ದೇವರು ಬಿಟ್ಟು ಹೋಗಬಹುದಾ ಎಂಬ ಪ್ರಶ್ನೆ ಬಂದಾಗ ಗ್ರಂಥಗಳ ಒಳಗೇ ಜೋರಾದ ವಾದ ಶುರುವಾಗುತ್ತದೆ. ನನಗೆ ಈ ವಿಷಯದಲ್ಲಿ ಜಾಸ್ತಿ ಆಸಕ್ತಿ ಇರುವುದು ಆ ವಾದದಲ್ಲಿ.

ಸೀನಾಯಿಯಿಂದ ಹೊರಡೋಣ. ಈಜಿಪ್ಟಿನಿಂದ ಹೊರಟ ಜನ ಮೂರನೆಯ ತಿಂಗಳಲ್ಲಿ ಆ ಬೆಟ್ಟದ ಬುಡಕ್ಕೆ ಬರುತ್ತಾರೆ. ಬೆಟ್ಟದ ಸುತ್ತ ಗಡಿ ಹಾಕಬೇಕು ಎಂದು ಅವರ ನಾಯಕ ಮೋಶೆಗೆ ಅಪ್ಪಣೆಯಾಗುತ್ತದೆ. ಗಡಿ ದಾಟಿ ಬೆಟ್ಟ ಮುಟ್ಟಿದರೆ ಮನುಷ್ಯನಾಗಲಿ, ಪಶುವಾಗಲಿ ಉಳಿಯಬಾರದು. ಮೂರನೆಯ ದಿನ ಗುಡುಗು, ಮಿಂಚು, ದಟ್ಟ ಮೋಡ, ಬೆಟ್ಟದಿಂದ ಏಳುವ ಹೊಗೆ. ದೇವರು ಜನರಿಗೆ ಧರ್ಮಶಾಸ್ತ್ರ ಕೊಟ್ಟದ್ದು ಇಲ್ಲೇ. ಇಷ್ಟು ಎಲ್ಲರಿಗೂ ನೆನಪಿರುತ್ತದೆ. ಆದರೆ ವಿಮೋಚನಕಾಂಡದ ಅದೇ 19ನೇ ಅಧ್ಯಾಯದ 13ನೇ ವಚನದ ಕೊನೆಯ ಮಾತನ್ನು ಬಹಳ ಜನ ಗಮನಿಸದೆ ಮುಂದೆ ಹೋಗುತ್ತಾರೆ. ಕೊಂಬಿನ ದೀರ್ಘ ಧ್ವನಿ ಕೇಳಿಸಿದಾಗ ಜನ ಬೆಟ್ಟಕ್ಕೆ ಬರಬಹುದು ಎಂದು ಅಲ್ಲಿದೆ. ಅಂದರೆ ಆ ಗಡಿಗೆ ಒಂದು ಅವಧಿ ಇತ್ತು.

ಈ ಒಂದು ಸಾಲನ್ನು ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಬಿಗಿಯಾಗಿ ಹಿಡಿದುಕೊಂಡರು. ಅವರ ಚರ್ಚೆಗಳ ದೊಡ್ಡ ಸಂಗ್ರಹವಾದ ಬಾಬಿಲೋನಿನ ತಾಲ್ಮುದಿನ ತಾನಿತ್ ಭಾಗದಲ್ಲಿ ರಬ್ಬಿ ಯೋಸೆ ಅವರ ಮಾತು ಬರುತ್ತದೆ. ಜಾಗ ಮನುಷ್ಯನಿಗೆ ಗೌರವ ತರುವುದಿಲ್ಲ, ಮನುಷ್ಯನೇ ಜಾಗಕ್ಕೆ ಗೌರವ ತರುತ್ತಾನೆ ಎನ್ನುತ್ತಾರೆ ಅವರು. ಇದಕ್ಕೆ ಅವರು ಕೊಡುವ ಆಧಾರ ಸೀನಾಯಿ. ದೇವರ ಸಾನ್ನಿಧ್ಯ ಅಲ್ಲಿದ್ದಷ್ಟು ಹೊತ್ತು ಬೆಟ್ಟದ ಎದುರು ಕುರಿ ದನ ಮೇಯುವಂತಿರಲಿಲ್ಲ. ಸಾನ್ನಿಧ್ಯ ಹೊರಟ ಮೇಲೆ ಕೊಂಬು ಊದಿತು, ಯಾರು ಬೇಕಾದರೂ ಹತ್ತಬಹುದಾಯಿತು. ಮರುದಿನ ಅದು ಬರೀ ಬೆಟ್ಟ. ಜಗತ್ತಿನ ಅತಿ ದೊಡ್ಡ ಘಟನೆ ನಡೆದ ಜಾಗದ ಬಗ್ಗೆ ಇಷ್ಟು ಧೈರ್ಯವಾಗಿ ಮಾತಾಡಿದ ಧಾರ್ಮಿಕ ಪರಂಪರೆ ಅಪರೂಪ ಎಂದೇ ನನ್ನ ಅಭಿಪ್ರಾಯ.

ಹಾಗಾದರೆ ಸೀನಾಯಿಯ ಪವಿತ್ರತೆ ಎಲ್ಲಿಗೆ ಹೋಯಿತು? ಜನರ ಜೊತೆಗೇ ಹೋಯಿತು. ಇದನ್ನು ತಿಳಿಯಲು ವಿಮೋಚನಕಾಂಡದ 24ನೇ ಅಧ್ಯಾಯ ನೋಡಬೇಕು. ಅಲ್ಲಿ ಬೆಟ್ಟಕ್ಕೆ ಮೂರು ಹಂತ ಇವೆ. ಬುಡದಲ್ಲಿ ಯಜ್ಞವೇದಿ, ಹನ್ನೆರಡು ಕಲ್ಲಿನ ಕಂಬ, ಎಲ್ಲಾ ಜನ. ನಡುವಿನವರೆಗೆ ಮೋಶೆಯ ಅಣ್ಣ ಆರೋನ, ಅವನ ಇಬ್ಬರು ಮಕ್ಕಳು, 70 ಮಂದಿ ಹಿರಿಯರು. ಅವರು ಅಲ್ಲಿ ದೇವರನ್ನು ಕಂಡರು, ಊಟ ಮಾಡಿದರು ಎಂದು ಆ ಅಧ್ಯಾಯ ಸಲೀಸಾಗಿ ಹೇಳಿಬಿಡುತ್ತದೆ. ತುದಿಯ ಮೋಡದೊಳಗೆ ಹೋದವನು ಮೋಶೆ ಒಬ್ಬನೇ. ಆರು ದಿನ ಕಾದು, ಏಳನೆಯ ದಿನ ಕರೆ ಬಂದ ಮೇಲೆ ಒಳಗೆ ಹೋಗಿ 40 ದಿನ ಇದ್ದ. ಈಗ ಅದರ ಮುಂದಿನ ಅಧ್ಯಾಯಗಳಲ್ಲಿ ಬರುವ ದೇವದರ್ಶನದ ಗುಡಾರದ ವಿವರ ಓದಿ. ಹೊರಗೆ ಅಂಗಳ, ಅಲ್ಲಿ ಯಜ್ಞವೇದಿ, ಜನ. ಒಳಗೆ ಯಾಜಕರು ಮಾತ್ರ ಹೋಗುವ ಪವಿತ್ರಸ್ಥಾನ. ಅದರಾಚೆ ಪರದೆಯ ಹಿಂದೆ ಮಹಾಪವಿತ್ರಸ್ಥಾನ, ಅಲ್ಲಿಗೆ ಒಬ್ಬನಿಗೆ ಮಾತ್ರ ಪ್ರವೇಶ. ಅದೇ ಬೆಟ್ಟ, ಮಡಚಿ ಹೊತ್ತುಕೊಂಡು ಹೋಗುವ ಹಾಗೆ ಬಟ್ಟೆ ಮತ್ತು ಹಲಗೆಯಲ್ಲಿ ಮಾಡಿದ್ದು! 40ನೇ ಅಧ್ಯಾಯದಲ್ಲಿ ಗುಡಾರ ಎದ್ದು ನಿಂತ ಕೂಡಲೇ ಮೋಡ ಬಂದು ಅದನ್ನು ಮುಚ್ಚುತ್ತದೆ. 13ನೇ ಶತಮಾನದ ದೊಡ್ಡ ವ್ಯಾಖ್ಯಾನಕಾರ ನಹ್ಮನಿದೆಸ್ ಇದನ್ನು ಬಿಡಿಸಿ ಹೇಳಿದರು. ಸೀನಾಯಿಯ ಮೇಲೆ ಎಲ್ಲರ ಕಣ್ಣೆದುರು ಇದ್ದ ಮಹಿಮೆಯೇ ಗುಡಾರದಲ್ಲಿ ಮರೆಯಾಗಿ ನೆಲೆಸಿತು ಎಂದರು.

ಜನ ಆ ಬೆಟ್ಟದ ಹತ್ತಿರ ಒಂದು ವರ್ಷವೂ ಇರಲಿಲ್ಲ. ಎರಡನೆಯ ವರ್ಷದ ಎರಡನೆಯ ತಿಂಗಳಿನ 20ನೇ ದಿನ ಮೋಡ ಗುಡಾರದ ಮೇಲಿಂದ ಎದ್ದಿತು, ಅವರು ಹೊರಟರು ಎಂದು ಅರಣ್ಯಕಾಂಡ ದಿನದ ಲೆಕ್ಕ ಸಮೇತ ಹೇಳುತ್ತದೆ. ಧರ್ಮೋಪದೇಶಕಾಂಡದ ಮೊದಲ ಅಧ್ಯಾಯದಲ್ಲಿ ಮೋಶೆ ಅದನ್ನು ನೆನಪಿಸುವಾಗ ದೇವರ ಮಾತು ಹೀಗಿದೆ: ನೀವು ಈ ಬೆಟ್ಟದ ಹತ್ತಿರ ಇದ್ದದ್ದು ಸಾಕು, ಇನ್ನು ಹೊರಡಿ. ನಿಮ್ಮ ಮೊದಲ ಪ್ರಶ್ನೆಗೆ ಗ್ರಂಥವೇ ಕೊಡುವ ಉತ್ತರ ಇದು.

ಆ ಮೇಲೆ ಇಡೀ ಹೀಬ್ರೂ ಬೈಬಲ್‌ನಲ್ಲಿ ಆ ಬೆಟ್ಟಕ್ಕೆ ಹಿಂತಿರುಗಿ ಹೋದವನು ಒಬ್ಬನೇ, ಪ್ರವಾದಿ ಎಲೀಯ. ಈಜೆಬೆಲ್ ರಾಣಿ ಕೊಲ್ಲಿಸುವುದಾಗಿ ಹೇಳಿ ಕಳಿಸಿದಾಗ ಅವನು 40 ದಿನ, 40 ರಾತ್ರಿ ನಡೆದು ಹೋರೇಬಿಗೆ ಬರುತ್ತಾನೆ. ಹೋರೇಬ್ ಎನ್ನುವುದು ಅದೇ ಬೆಟ್ಟದ ಇನ್ನೊಂದು ಹೆಸರು. ಗುಹೆಯಲ್ಲಿ ತಂಗಿದವನಿಗೆ ಸ್ವಾಗತದ ಮಾತು ಸಿಗುವುದಿಲ್ಲ. ಎಲೀಯನೇ, ಇಲ್ಲಿ ನಿನಗೇನು ಕೆಲಸ ಎಂಬ ಪ್ರಶ್ನೆ ಬರುತ್ತದೆ. ಬಂಡೆ ಸೀಳುವ ಗಾಳಿ ಬೀಸುತ್ತದೆ, ಗಾಳಿಯಲ್ಲಿ ದೇವರಿಲ್ಲ. ಭೂಕಂಪ, ಅದರಲ್ಲೂ ಇಲ್ಲ. ಬೆಂಕಿ, ಅದರಲ್ಲೂ ಇಲ್ಲ. ಮೋಶೆಯ ಕಾಲದಲ್ಲಿ ಯಾವುದರಲ್ಲಿ ದೇವರು ಇಳಿದನೋ ಅವುಗಳೆಲ್ಲ ಬಂದು ಖಾಲಿಯಾಗಿ ಹೋಗುತ್ತವೆ. ಕೊನೆಗೆ ಒಂದು ಮೆಲ್ಲನೆಯ ಧ್ವನಿ. ಅದಾದ ಮೇಲೆ ಮತ್ತೆ ಅದೇ ಪ್ರಶ್ನೆ, ಇಲ್ಲಿ ನಿನಗೇನು ಕೆಲಸ? ನಂತರ ಬಂದ ದಾರಿ ಹಿಡಿದು ದಮಸ್ಕದ ಕಡೆ ಹೋಗು, ಮಾಡುವ ಕೆಲಸ ಬಹಳ ಇದೆ ಎಂಬ ಅಪ್ಪಣೆ. ಇದನ್ನು ಬರೆದವರು ಸೀನಾಯಿಗೆ ಯಾತ್ರೆ ಶುರುವಾಗಬಾರದು ಎಂದೇ ಬರೆದ ಹಾಗಿದೆ.

ಯಾತ್ರೆ ಶುರುವಾಗಲೂ ಇಲ್ಲ. ಬೆಟ್ಟ ಎಲ್ಲಿದೆ ಎಂಬ ನೆನಪನ್ನೂ ಯೆಹೂದಿ ಪರಂಪರೆ ಉಳಿಸಿಕೊಳ್ಳಲಿಲ್ಲ. ಇವತ್ತು ಪ್ರವಾಸಿಗರು ಹತ್ತುವ ಜೆಬೆಲ್ ಮೂಸಾ, ಈಜಿಪ್ಟಿನ ಸಿನಾಯ್ ಪರ್ಯಾಯ ದ್ವೀಪದ ದಕ್ಷಿಣದಲ್ಲಿದೆ. ಎತ್ತರ 2,285 ಮೀಟರ್. ಅದನ್ನು ಸೀನಾಯಿ ಎಂದು ಗುರುತಿಸಿ ಗಟ್ಟಿ ಮಾಡಿದವರು ಕ್ರೈಸ್ತ ಸನ್ಯಾಸಿಗಳು. ಬುಡದಲ್ಲಿರುವ ಸೇಂಟ್ ಕ್ಯಾಥರೀನ್ ಮಠವನ್ನು 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕಟ್ಟಿಸಿದ. ಬೆಟ್ಟ ಯಾರಿಗೂ ಸೇರದ ಮರುಭೂಮಿಯಲ್ಲಿ ಇದ್ದದ್ದೇ ಒಳ್ಳೆಯದಾಯಿತು ಎನ್ನುವ ಅರ್ಥದ ಮಾತು ಮೆಖಿಲ್ತಾ ಎಂಬ ಹಳೆಯ ವ್ಯಾಖ್ಯಾನದಲ್ಲಿದೆ. ಇಸ್ರಾಯೇಲ್ ನಾಡಿನೊಳಗೆ ಧರ್ಮಶಾಸ್ತ್ರ ಕೊಟ್ಟಿದ್ದರೆ ಬೇರೆ ಜನಾಂಗಗಳು, ನಮಗೆ ಇದರಲ್ಲಿ ಪಾಲಿಲ್ಲ ಎನ್ನುತ್ತಿದ್ದವು. ಮರುಭೂಮಿ ಎಲ್ಲರದು. ಬೇಕೆಂದವರು ಬಂದು ತೆಗೆದುಕೊಳ್ಳಲಿ ಎಂದೇ ಅಲ್ಲಿ ಕೊಟ್ಟದ್ದು.

ಇಲ್ಲಿ ಸುತ್ತಲಿನ ಜನರ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾನಾನ್ ಸೀಮೆಯಲ್ಲಿ ಗುಡ್ಡದ ಮೇಲೆಲ್ಲಾ ಪೂಜಾಸ್ಥಳಗಳಿದ್ದವು. ದೇವರಿಗೂ ಬೆಟ್ಟಕ್ಕೂ ಗಂಟು ಹಾಕುವುದು ಅಲ್ಲಿನ ರೂಢಿ. 1 ಅರಸುಗಳು 20ನೇ ಅಧ್ಯಾಯದಲ್ಲಿ ಅರಾಮ್ಯರ ಸೇನೆ ಗುಡ್ಡದ ಯುದ್ಧದಲ್ಲಿ ಸೋಲುತ್ತದೆ. ಅರಸ ಬೆನ್ಹದದನಿಗೆ ಅವನ ಸೇವಕರು, ಇವರ ದೇವರು ಬೆಟ್ಟದ ದೇವರು, ಬಯಲಿಗೆ ಎಳೆದು ಹೊಡೆಯೋಣ ಎಂದು ಸಲಹೆ ಕೊಡುತ್ತಾರೆ. ಆ ಮಾತು ಆಡಿದ ಕಾರಣಕ್ಕೇ ಬಯಲಿನಲ್ಲೂ ಅವರು ಸೋಲುತ್ತಾರೆ ಎನ್ನುವುದು ಕಥೆ. ಎಷ್ಟೋ ಶತಮಾನದ ನಂತರ, ಕ್ರಿ.ಶ. 200ರ ಸುಮಾರಿಗೆ ಸಿದ್ಧವಾದ ಮಿಷ್ನಾ ಎಂಬ ರಬ್ಬಿಗಳ ಕಾನೂನು ಸಂಗ್ರಹ ಇದನ್ನೇ ಕಾನೂನಿನ ಭಾಷೆಯಲ್ಲಿ ಹೇಳಿತು. ಬೇರೆಯವರು ಬೆಟ್ಟವನ್ನೇ ಪೂಜಿಸುತ್ತಿದ್ದರೂ ಬೆಟ್ಟವನ್ನು ಬಳಸಲು ಅಡ್ಡಿಯಿಲ್ಲ, ಅದರ ಮೇಲೆ ಇಟ್ಟದ್ದು ಮಾತ್ರ ನಿಷಿದ್ಧ. ನೆಲ ನೆಲವೇ. ಯಾರದೋ ಪೂಜೆಯಿಂದ ಅದು ಮೈಲಿಗೆಯೂ ಆಗುವುದಿಲ್ಲ.

ಈಗ ಚೀಯೋನಿಗೆ ಬರೋಣ. ಕಣ್ಣಿಗೆ ಇದು ದೊಡ್ಡ ಬೆಟ್ಟವೇನಲ್ಲ. ಯೆಹೂದ್ಯರ ದೇವಾಲಯವಿದ್ದ ದಿಬ್ಬ ಸಮುದ್ರಮಟ್ಟದಿಂದ ಸುಮಾರು 740 ಮೀಟರ್. ಎದುರಿಗಿರುವ ಎಣ್ಣೆಮರಗಳ ಗುಡ್ಡ 800 ಮೀಟರ್ ದಾಟುತ್ತದೆ. ಅಲ್ಲಿ ನಿಂತರೆ ಚೀಯೋನ್ ಕೆಳಗೆ ಕಾಣುತ್ತದೆ. ಚೀಯೋನ್ ಎಂಬ ಹೆಸರು ಮೊದಲಿಗೆ ಅರಸ ದಾವೀದ ಅಲ್ಲಿದ್ದ ಯೆಬೂಸಿಯ ಜನರಿಂದ ಗೆದ್ದ ಕೋಟೆಯದು. ಆಮೇಲೆ ಉತ್ತರಕ್ಕಿರುವ ದೇವಾಲಯದ ದಿಬ್ಬಕ್ಕೂ ಅದೇ ಹೆಸರು ಬಂತು. ದೇವಾಲಯಕ್ಕೆ ಮೊದಲು ಆ ದಿಬ್ಬ ಏನಾಗಿತ್ತು ಗೊತ್ತಾ? ಅರೌನ ಎಂಬ ಯೆಬೂಸಿಯ ಕಾಳು ಒಕ್ಕುತ್ತಿದ್ದ ಕಣ. ನಾಡಿಗೆ ಅಂಟುರೋಗ ಬಂದು, ಅದು ಆ ಕಣದ ಹತ್ತಿರ ನಿಂತಿತು. ದಾವೀದ ಅಲ್ಲಿ ಯಜ್ಞವೇದಿ ಕಟ್ಟಲು ಹೋದ. ಅರೌನ ಸುಮ್ನೆ ಕೊಡುತ್ತೇನೆ ಎಂದರೂ ದಾವೀದ ಒಪ್ಪಲಿಲ್ಲ. ಖರ್ಚಿಲ್ಲದ ಬಲಿಯನ್ನು ದೇವರಿಗೆ ಕೊಡುವುದಿಲ್ಲ ಎಂದು 50 ಶೆಕೆಲ್ ಬೆಳ್ಳಿ ಎಣಿಸಿಕೊಟ್ಟ. ಇದು 2 ಸಮುವೇಲ ಹೇಳುವ ಬೆಲೆ. ನಂತರ ಬರೆದ ಪೂರ್ವಕಾಲವೃತ್ತಾಂತದಲ್ಲಿ ಅದೇ ಜಾಗಕ್ಕೆ 600 ಶೆಕೆಲ್ ಚಿನ್ನ! ಬೆಟ್ಟದ ಮೇಲಿನ ಗೌರವ ಕಾಲಕಾಲಕ್ಕೆ ಹೇಗೆ ಬೆಳೆಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಬೇಕಾಗಿಲ್ಲ. ಅಬ್ರಹಾಮ ಇಸಾಕನನ್ನು ಬಲಿ ಕೊಡಲು ಹೋದ ಮೋರೀಯ ಮತ್ತು ದೇವಾಲಯದ ದಿಬ್ಬ ಒಂದೇ ಎನ್ನುವುದೂ ಹೀಬ್ರೂ ಬೈಬಲ್‌ನಲ್ಲಿ ಒಂದೇ ಕಡೆ ಬರುತ್ತದೆ, ಅದೂ 2 ಪೂರ್ವಕಾಲವೃತ್ತಾಂತದ 3ನೇ ಅಧ್ಯಾಯದ ಮೊದಲ ವಚನದಲ್ಲಿ. ಆದಿಕಾಂಡ ಹೇಳುವುದು ಮೋರೀಯ ಸೀಮೆಯ ಒಂದು ಬೆಟ್ಟ ಎಂದು ಮಾತ್ರ.

ಈ ಚಿಕ್ಕ ದಿಬ್ಬವನ್ನು ಬೈಬಲ್‌ನ ಕೀರ್ತನೆಗಳು ಎತ್ತಿ ಹಿಡಿಯುವ ರೀತಿ ನೋಡಬೇಕು. ಕೀರ್ತನೆ 48 ಚೀಯೋನನ್ನು ದೂರದ ಉತ್ತರ ತುದಿಯ ಬೆಟ್ಟ ಎಂದು ಹಾಡುತ್ತದೆ. ಭೂಪಟದಲ್ಲಿ ಇದು ಹೊಂದುವುದಿಲ್ಲ. ಇದರ ಹಿನ್ನೆಲೆ ಗೊತ್ತಾದದ್ದು 20ನೇ ಶತಮಾನದಲ್ಲಿ. 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಒಬ್ಬ ರೈತನ ನೇಗಿಲಿಗೆ ಹಳೆಯ ಸಮಾಧಿಯ ಕಲ್ಲು ತಾಗಿತು. ಮರುವರ್ಷ ಫ್ರೆಂಚ್ ಪುರಾತತ್ವಜ್ಞ ಕ್ಲೋಡ್ ಶೆಫರ್ ಅಲ್ಲಿ ಅಗೆತ ಶುರು ಮಾಡಿದರು. ಉಗರಿತ್ ಎಂಬ ಊರು, ಅದರ ಜೊತೆಗೆ ಜೇಡಿಮಣ್ಣಿನ ಫಲಕಗಳ ರಾಶಿ ಸಿಕ್ಕಿತು. ಆ ಫಲಕಗಳಲ್ಲಿ ಬಾಳ್ ದೇವರ ಅರಮನೆ ಇರುವುದು ಸಾಫೋನ್ ಬೆಟ್ಟದ ಮೇಲೆ. ಇವತ್ತಿನ ಟರ್ಕಿ ಸಿರಿಯಾ ಗಡಿಯಲ್ಲಿರುವ, 1,700 ಮೀಟರಿಗೂ ಎತ್ತರದ ಜೆಬೆಲ್ ಅಕ್ರಾ ಅದು. ಯೆರೂಸಲೇಮಿನ ಕವಿ ಮಾಡಿದ್ದು ಇಷ್ಟೇ. ನೀವು ಆ ಉತ್ತರದ ಮಹಾ ಬೆಟ್ಟಕ್ಕೆ ಏನೇನು ಹಾಡುತ್ತೀರೋ ಅದೆಲ್ಲ ನಮ್ಮ ಈ ಗುಡ್ಡಕ್ಕೆ ಸಲ್ಲುತ್ತದೆ ಎಂದ. ಕೀರ್ತನೆ 68ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಅನೇಕ ಶಿಖರಗಳ ಬಾಷಾನ್ ಬೆಟ್ಟವನ್ನು ಕವಿ ಎದುರು ನಿಲ್ಲಿಸಿಕೊಂಡು, ದೇವರು ತನಗೆ ಆರಿಸಿಕೊಂಡ ಗುಡ್ಡವನ್ನು ಯಾಕೆ ಅಷ್ಟು ಹೊಟ್ಟೆಕಿಚ್ಚಿನಿಂದ ನೋಡುತ್ತೀಯ ಎಂದು ಕೇಳುತ್ತಾನೆ.

ನೀರಿನ ಕಥೆಯೂ ಹೀಗೇ. ಯೆರೂಸಲೇಮಿಗೆ ನದಿಯಿಲ್ಲ. ಗೀಹೋನ್ ಎಂಬ ಒಂದು ಬುಗ್ಗೆ ಇದೆ, ಅಷ್ಟೇ. ಆದರೆ ಏದೆನ್ ತೋಟದಿಂದ ಹರಿಯುವ ನಾಲ್ಕು ನದಿಗಳಲ್ಲಿ ಒಂದಕ್ಕೆ ಅದೇ ಹೆಸರು. ಪ್ರವಾದಿ ಯೆಹೆಜ್ಕೇಲ ಏದೆನನ್ನೇ ದೇವರ ಪವಿತ್ರ ಬೆಟ್ಟದ ಮೇಲೆ ಇಡುತ್ತಾನೆ. ಅವನ 47ನೇ ಅಧ್ಯಾಯದಲ್ಲಿ ದೇವಾಲಯದ ಹೊಸ್ತಿಲ ಕೆಳಗಿನಿಂದ ನೀರು ಜಿನುಗುತ್ತದೆ. ಸಾವಿರ ಮೊಳ ನಡೆದರೆ ಹರಡಿನಷ್ಟು, ಇನ್ನೂ ಸಾವಿರಕ್ಕೆ ಮೊಣಕಾಲು, ಮತ್ತೆ ಸಾವಿರಕ್ಕೆ ಸೊಂಟ, ಆಮೇಲೆ ಈಜಬೇಕಾದಷ್ಟು. ಅದು ಹೋಗಿ ಉಪ್ಪಿನ ಸಮುದ್ರ ಸೇರಿದಾಗ ಸತ್ತ ನೀರಿನಲ್ಲಿ ಮೀನು ಹುಟ್ಟುತ್ತದೆ. ಎತ್ತರದ ಕೊರತೆಯನ್ನು ಪ್ರವಾದಿಗಳು ಮುಂದಿನ ಕಾಲದಲ್ಲಿ ತುಂಬಿಸುತ್ತಾರೆ. ಕಡೇ ದಿನಗಳಲ್ಲಿ ಯೆಹೋವನ ಆಲಯದ ಬೆಟ್ಟ ಎಲ್ಲಾ ಗುಡ್ಡಗಳಿಗಿಂತ ಎತ್ತರವಾಗುತ್ತದೆ, ಜನಾಂಗಗಳು ಅಲ್ಲಿಗೆ ಹೊಳೆಯಂತೆ ಬರುತ್ತವೆ, ಕತ್ತಿಗಳನ್ನು ಬಡಿದು ನೇಗಿಲ ಗುಳಗಳನ್ನಾಗಿ ಮಾಡುತ್ತವೆ. ಈ ಮಾತು ಯೆಶಾಯ 2ರಲ್ಲೂ ಮೀಕ 4ರಲ್ಲೂ ಹೆಚ್ಚುಕಡಿಮೆ ಒಂದೇ ಪದಗಳಲ್ಲಿ ಇದೆ. ಅಲ್ಲಿ ಜನಾಂಗಗಳು ಬೆಟ್ಟ ಹತ್ತುವುದು ಬಲಿ ಕೊಡಲು ಎಂದು ಹೇಳಿಲ್ಲ. ದೇವರ ದಾರಿಯನ್ನು ಕಲಿಯಲು ಬರುತ್ತಾರೆ. ಸೀನಾಯಿಯ ಕೆಲಸವನ್ನು ಚೀಯೋನ್ ವಹಿಸಿಕೊಂಡ ಹಾಗಾಯಿತು, ಅಲ್ವಾ?

ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ತೊಂದರೆ ಶುರುವಾಗುವುದು ಕೀರ್ತನೆ 132ರ ಮಾತಿನಿಂದ. ಚೀಯೋನ್ ಎಂದೆಂದಿಗೂ ನನ್ನ ವಿಶ್ರಾಂತಿಯ ಸ್ಥಳ ಎಂದು ದೇವರು ಅಲ್ಲಿ ಹೇಳುತ್ತಾನೆ. ಎಂದೆಂದಿಗೂ ಎಂದಮೇಲೆ ಯಾರೂ ನಮ್ಮನ್ನು ಮುಟ್ಟಲಾರರು ಎಂದು ಊರಿನವರು ನಂಬಿದರು. ಮೀಕ ಅದಕ್ಕೆ ಎದುರು ನಿಂತ. ಬಡವರ ರಕ್ತದಿಂದ ಚೀಯೋನನ್ನು ಕಟ್ಟುತ್ತಿದ್ದೀರಿ, ನಿಮ್ಮ ದೆಸೆಯಿಂದ ಚೀಯೋನ್ ಹೊಲದ ಹಾಗೆ ಉಳಲ್ಪಡುತ್ತದೆ ಎಂದ. ಮುಂದಿನ ಅಧ್ಯಾಯದಲ್ಲೇ ಆ ಬೆಟ್ಟ ಎಲ್ಲಕ್ಕಿಂತ ಎತ್ತರವಾಗುವ ಮಾತು ಬರುತ್ತದೆ, ಎರಡೂ ಅಕ್ಕಪಕ್ಕ. ಸುಮಾರು ನೂರು ವರ್ಷದ ನಂತರ ಯೆರೆಮೀಯ ದೇವಾಲಯದ ಬಾಗಿಲಲ್ಲೇ ನಿಂತು ಇಂಥದ್ದೇ ಮಾತು ಹೇಳಿದ. ಅವನನ್ನು ಕೊಲ್ಲಬೇಕೆಂದು ಗಲಾಟೆ ಎದ್ದಾಗ ಕೆಲವು ಹಿರಿಯರು ಮೀಕನ ಆ ಸಾಲನ್ನೇ ನೆನಪಿಸಿದರು. ಹಿಜ್ಕೀಯ ಅರಸ ಮೀಕನನ್ನು ಕೊಲ್ಲಿಸಿದನೇ ಎಂದು ಕೇಳಿದರು. ಯೆರೆಮೀಯ ಬದುಕಿಕೊಂಡ. ಆದರೆ ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನವರು ದೇವಾಲಯವನ್ನು ಸುಟ್ಟರು.

ಯೆಹೆಜ್ಕೇಲ ಇದಕ್ಕೂ ಮುಂದೆ ಹೋಗಿ, ದೇವರ ಮಹಿಮೆ ಬೆಟ್ಟ ಬಿಟ್ಟು ಹೊರಡುವುದನ್ನು ದರ್ಶನದಲ್ಲಿ ಕಾಣುತ್ತಾನೆ. ಅದು ಹೊಸ್ತಿಲಿಗೆ ಬರುತ್ತದೆ, ಪೂರ್ವದ ಬಾಗಿಲಿಗೆ ಬರುತ್ತದೆ, ಊರಿನ ಪೂರ್ವಕ್ಕಿರುವ ಗುಡ್ಡದ ಮೇಲೆ ನಿಲ್ಲುತ್ತದೆ. ಅವನ ಗ್ರಂಥದ ಅದೇ 11ನೇ ಅಧ್ಯಾಯದಲ್ಲಿ ಬಾಬಿಲೋನಿಗೆ ಸೆರೆ ಹೋದವರಿಗೆ ಒಂದು ಮಾತಿದೆ. ಅವರು ಹೋದ ದೇಶಗಳಲ್ಲಿ ನಾನೇ ಅವರಿಗೆ ಚಿಕ್ಕ ಪವಿತ್ರಸ್ಥಾನವಾಗಿದ್ದೇನೆ. ಬಾಬಿಲೋನಿನ ಪ್ರಾರ್ಥನಾ ಮಂದಿರಗಳು, ಪಾಠಶಾಲೆಗಳೇ ಆ ಚಿಕ್ಕ ಪವಿತ್ರಸ್ಥಾನ ಎಂದು ತಾಲ್ಮುದ್ ಅರ್ಥ ಮಾಡಿತು. ಗುಡಾರ ಸೀನಾಯಿಯಿಂದ ಹೊರಟ ಹಾಗೆಯೇ ಮತ್ತೆ ಹೊರಟದ್ದು ಇದು. ನನಗೆ ಕೀರ್ತನೆ 132ಕ್ಕಿಂತ ಯೆಹೆಜ್ಕೇಲ 11 ಹೆಚ್ಚು ನಿಜ ಅನ್ನಿಸುತ್ತದೆ. ಬೆಟ್ಟವನ್ನು ಕಳೆದುಕೊಂಡ ಜನ ಉಳಿದದ್ದು ಆ ಅಧ್ಯಾಯದ ಬಲದಿಂದ.

ಹಾಗೆಂದು ಚೀಯೋನಿನ ಪವಿತ್ರತೆ ಸೀನಾಯಿಯ ಹಾಗೆ ಮುಗಿದುಹೋಯಿತು ಎಂದು ರಬ್ಬಿಗಳು ಹೇಳಲಿಲ್ಲ. ದೇವಾಲಯ ಹಾಳಾದರೂ ಆ ನೆಲದ ಮೇಲಿನ ಭಯಭಕ್ತಿ ಬಿಡಬಾರದು ಎಂದರು. ಕೋಲು, ಪಾದರಕ್ಷೆ, ಹಣದ ಚೀಲ, ಕಾಲಿನ ಧೂಳಿನೊಂದಿಗೆ ದೇವಾಲಯದ ದಿಬ್ಬ ಹತ್ತಬಾರದು, ಅದನ್ನು ಅಡ್ಡದಾರಿ ಮಾಡಿಕೊಳ್ಳಬಾರದು ಎಂದು ಮಿಷ್ನಾ ಹೇಳುತ್ತದೆ. ಯೆರೂಸಲೇಮಿನಲ್ಲಿ ದಿಬ್ಬಕ್ಕೆ ಹೋಗುವ ದಾರಿಯಲ್ಲಿ ಇಸ್ರೇಲಿನ ಪ್ರಧಾನ ರಬ್ಬಿಗಳ ಫಲಕ ಇವತ್ತಿಗೂ ಇದೆ. ಜಾಗದ ಪವಿತ್ರತೆಯಿಂದಾಗಿ ಧರ್ಮಶಾಸ್ತ್ರದ ಪ್ರಕಾರ ಒಳಗೆ ಹೋಗುವುದು ನಿಷಿದ್ಧ ಎಂದು ಅದರಲ್ಲಿ ಬರೆದಿದೆ. ಹೋಗಬಹುದು ಎನ್ನುವ ರಬ್ಬಿಗಳೂ ಇದ್ದಾರೆ.

ಕ್ರಿ.ಶ. 70ರಲ್ಲಿ ರೋಮನ್ನರು, ಮತ್ತೆ ಕಟ್ಟಿದ್ದ ಎರಡನೆಯ ದೇವಾಲಯವನ್ನು ಕೆಡವಿದ ಮೇಲಿನ ಒಂದು ಪ್ರಸಂಗವನ್ನು ತಾಲ್ಮುದಿನ ಮಕ್ಕೋತ್ ಭಾಗ ಹೇಳುತ್ತದೆ. ರಬ್ಬಿ ಅಕೀವ ಮತ್ತು ಮೂವರು ಹಿರಿಯ ರಬ್ಬಿಗಳು ದಿಬ್ಬದ ಹತ್ತಿರ ಬಂದಾಗ ಮಹಾಪವಿತ್ರಸ್ಥಾನ ಇದ್ದ ಕಡೆಯಿಂದ ಒಂದು ನರಿ ಹೊರಗೆ ಬಂತು. ಮೂವರು ಅತ್ತರು, ಅಕೀವ ನಕ್ಕರು. ಯಾಕೆ ಎಂದು ಕೇಳಿದಾಗ, ಚೀಯೋನ್ ಹೊಲದಂತಾಗುತ್ತದೆ ಎಂಬ ಪ್ರವಾದನೆ ಹೀಗೆ ಕಣ್ಣೆದುರು ನೆರವೇರಿದೆ ಎಂದಮೇಲೆ, ಯೆರೂಸಲೇಮಿನ ಬೀದಿಗಳಲ್ಲಿ ಮುದುಕ ಮುದುಕಿಯರು ಮತ್ತೆ ಕೂರುತ್ತಾರೆ ಎಂಬ ಜೆಕರ್ಯನ ಮಾತೂ ನೆರವೇರುತ್ತದೆ ಎಂದರು. ಅಕೀವ, ನಮಗೆ ಸಮಾಧಾನ ತಂದೆ ಎಂದರು ಉಳಿದವರು.

ಗೆರಿಜ್ಜೀಮ್ ಬೆಟ್ಟದ ವಿಷಯ ಹೇಳದೆ ಹೋದರೆ ಈ ಉತ್ತರ ಅರ್ಧ. ನಾಬ್ಲಸ್ ಊರಿನ ಪಕ್ಕದ ಈ 881 ಮೀಟರ್ ಬೆಟ್ಟವೇ ದೇವರು ಆರಿಸಿದ್ದು ಎನ್ನುವುದು ಸಮಾರ್ಯದವರ ನಂಬಿಕೆ. ಮೋಶೆಯ ಧರ್ಮಶಾಸ್ತ್ರವನ್ನೇ ಪಾಲಿಸುವ, ಯೆಹೂದ್ಯರಿಂದ ಬೇರೆಯಾದ ಸಮುದಾಯ ಇವರದು. ಅವರ ಧರ್ಮಶಾಸ್ತ್ರದ ಪ್ರತಿಯಲ್ಲಿ ದೇವರು ಆರಿಸುವ ಸ್ಥಳ ಎನ್ನುವ ಕಡೆ ಆರಿಸಿದ ಸ್ಥಳ ಎಂದಿದೆ. ಯೊರ್ದನ್ ದಾಟಿ ಯಜ್ಞವೇದಿ ಕಟ್ಟಬೇಕಾದ ಬೆಟ್ಟ ಯೆಹೂದಿ ಪ್ರತಿಯಲ್ಲಿ ಏಬಾಲ್, ಅವರ ಪ್ರತಿಯಲ್ಲಿ ಗೆರಿಜ್ಜೀಮ್. ಈ ಜಗಳ ಗಂಭೀರವಾಗಿತ್ತು. ಅಲೆಕ್ಸಾಂಡ್ರಿಯಾದಲ್ಲಿ ಟಾಲೆಮಿ ರಾಜನ ಮುಂದೆ ಎರಡೂ ಕಡೆಯವರು ವಾದಿಸಿದರು, ಸೋತ ಸಮಾರ್ಯದ ವಕೀಲರಿಗೆ ಮರಣದಂಡನೆ ಆಯಿತು ಎಂದು ಇತಿಹಾಸಕಾರ ಜೋಸೆಫಸ್ ಬರೆಯುತ್ತಾನೆ. ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತಿಗೆ ಯೆಹೂದಿ ದೊರೆ ಯೋಹಾನ ಹಿರ್ಕಾನಸ್ ಗೆರಿಜ್ಜೀಮಿನ ದೇವಾಲಯವನ್ನು ನಾಶ ಮಾಡಿದ. ರೋಮನ್ ಅಧಿಪತಿ ಪಿಲಾತನ ಕಾಲದಲ್ಲಿ ಒಬ್ಬನು, ಮೋಶೆ ಹೂತಿಟ್ಟ ಪವಿತ್ರ ಪಾತ್ರೆಗಳನ್ನು ಆ ಬೆಟ್ಟದಲ್ಲಿ ತೋರಿಸುತ್ತೇನೆ ಎಂದು ಜನ ಸೇರಿಸಿದ. ಪಿಲಾತನ ಸೈನಿಕರು ಅವರ ಮೇಲೆ ಬಿದ್ದರು. ಪಿಲಾತ ರೋಮಿಗೆ ವಾಪಸ್ ಹೋಗಬೇಕಾಗಿ ಬಂದದ್ದು ಆ ಹತ್ಯೆಯ ದೂರಿನಿಂದ. ಸಮಾರ್ಯದವರು ಇವತ್ತು ಸಾವಿರಕ್ಕಿಂತ ಕಡಿಮೆ. ಪ್ರತಿ ವರ್ಷ ಪಸ್ಕ ಹಬ್ಬದ ಕುರಿಮರಿಗಳನ್ನು ಅದೇ ಬೆಟ್ಟದಲ್ಲಿ ಕೊಯ್ಯುತ್ತಾರೆ. ಆರಿಸಿಕೊಂಡ ಬೆಟ್ಟ ಎಂಬ ಕಲ್ಪನೆಗೆ ಇಂಥ ಬೆಲೆಯೂ ಇದೆ.

ಬೈಬಲ್‌ನ ಹೊರಗಿನ ಬರಹಗಳಲ್ಲಿ ಎರಡು ಮುಖ್ಯ. ಒಂದು ಹನೋಕನ ಗ್ರಂಥ. ಇದು ಪೂರ್ತಿಯಾಗಿ ಉಳಿದದ್ದು ಇಥಿಯೋಪಿಯಾದ ಗೀಜ್ ಭಾಷೆಯಲ್ಲಿ. 1773ರಲ್ಲಿ ಜೇಮ್ಸ್ ಬ್ರೂಸ್ ಎಂಬ ಸ್ಕಾಟ್ಲೆಂಡಿನ ಪ್ರವಾಸಿ ಅದರ ಪ್ರತಿಗಳನ್ನು ಯುರೋಪಿಗೆ ತಂದ. ಮೂಲ ಅರಮಾಯಿಕ್ ಚೂರುಗಳು ಮೃತ ಸಮುದ್ರದ ಹತ್ತಿರದ ಕುಮ್ರಾನ್ ಗುಹೆಗಳಲ್ಲಿ ಸಿಕ್ಕವು. ಇದರಲ್ಲಿ 200 ದೇವದೂತರು ಕೆಟ್ಟ ಉದ್ದೇಶದಿಂದ 2,814 ಮೀಟರ್ ಎತ್ತರದ ಹೆರ್ಮೋನ್ ಬೆಟ್ಟಕ್ಕೆ ಇಳಿದು, ಪಾಪ ಮಾಡುವ ಆಣೆ ಇಡುತ್ತಾರೆ. ಬೆಟ್ಟ ಇಲ್ಲಿ ಪಾಪ ಭೂಮಿಗೆ ಬಂದ ದಾರಿ! ಮುಂದೆ ಹನೋಕನಿಗೆ ಏಳು ಬೆಟ್ಟಗಳು ಕಾಣುತ್ತವೆ. ನಡುವಿನದು ದೇವರ ಸಿಂಹಾಸನದ ಹಾಗಿದೆ, ಅಲ್ಲೊಂದು ಪರಿಮಳದ ಮರ. ನ್ಯಾಯತೀರ್ಪಿನ ನಂತರ ಆ ಮರವನ್ನು ದೇವರ ಮನೆಯ ಹತ್ತಿರ ನೆಟ್ಟು, ಅದರ ಹಣ್ಣನ್ನು ನೀತಿವಂತರಿಗೆ ಕೊಡುತ್ತಾರೆ ಎಂದು ಮೀಕಾಯೇಲ ವಿವರಿಸುತ್ತಾನೆ. ಇನ್ನೊಂದು ಕ್ರಿ.ಪೂ. 2ನೇ ಶತಮಾನದ ಯೂಬಿಲಿಗಳ ಗ್ರಂಥ. ಭೂಮಿಯಲ್ಲಿ ದೇವರಿಗೆ ಸೇರಿದ ಸ್ಥಳಗಳು ನಾಲ್ಕು ಎನ್ನುತ್ತದೆ ಅದು: ಏದೆನ್ ತೋಟ, ಪೂರ್ವದ ಬೆಟ್ಟ, ಸೀನಾಯಿ, ಚೀಯೋನ್. ಇನ್ನೊಂದು ಕಡೆ ಸೀನಾಯಿ ಮರುಭೂಮಿಯ ನಡುವೆ, ಚೀಯೋನ್ ಭೂಮಿಯ ಹೊಕ್ಕುಳಿನ ನಡುವೆ, ಏದೆನ್ ಜೊತೆಗೆ ಮೂರೂ ಒಂದಕ್ಕೊಂದು ಎದುರುಬದುರು ಎಂದು ಬರೆಯುತ್ತದೆ. ಸೀನಾಯಿಯನ್ನು ಚೀಯೋನಿನ ಸಮಕ್ಕೆ ನಿಲ್ಲಿಸಿ ಪವಿತ್ರತೆಯ ನಕ್ಷೆ ಬರೆದ ಅಪರೂಪದ ಗ್ರಂಥ ಇದು. ನಂತರದ ಒಂದು ಮಿದ್ರಾಷ್, ಅಂದರೆ ರಬ್ಬಿಗಳ ಗ್ರಂಥವ್ಯಾಖ್ಯಾನ, ಎರಡನ್ನೂ ಒಂದೇ ಮಾಡಿತು. ಸೀನಾಯಿ ಬೇರೆ ಬೆಟ್ಟವೇ ಅಲ್ಲ, ಹಿಟ್ಟಿನ ಮುದ್ದೆಯಿಂದ ದೇವರ ಪಾಲು ತೆಗೆದಿಡುವಂತೆ, ಇಸಾಕನನ್ನು ಕಟ್ಟಿ ಮಲಗಿಸಿದ ಮೋರೀಯದಿಂದ ಬಿಡಿಸಿ ಮರುಭೂಮಿಗೆ ತಂದ ಚೂರು ಎಂದಿತು.

ತಾಲ್ಮುದಿನಲ್ಲಿ ಸೀನಾಯಿಯ ಬಗ್ಗೆ ಕಟುವಾದ ಒಂದು ಚಿತ್ರವೂ ಇದೆ. ಜನ ಬೆಟ್ಟದ ಬುಡದಲ್ಲಿ ನಿಂತಾಗ ದೇವರು ಬೆಟ್ಟವನ್ನೇ ಎತ್ತಿ, ತೊಟ್ಟಿ ಬೋರಲು ಹಾಕುವಂತೆ ಅವರ ತಲೆಯ ಮೇಲೆ ಹಿಡಿದ. ಧರ್ಮಶಾಸ್ತ್ರವನ್ನು ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲೇ ನಿಮ್ಮ ಸಮಾಧಿ ಎಂದ. ಕೂಡಲೇ ಇನ್ನೊಬ್ಬ ರಬ್ಬಿ, ಹಾಗಾದರೆ ಒಡಂಬಡಿಕೆಗೆ ಬೆಲೆಯೇ ಇಲ್ಲ, ಹೆದರಿಸಿ ಒಪ್ಪಿಸಿದ್ದಾಯಿತು ಎಂದು ಆಕ್ಷೇಪ ಎತ್ತುತ್ತಾರೆ. ರಾವಾ ಎಂಬ ರಬ್ಬಿ ಉತ್ತರ ಕೊಡುತ್ತಾರೆ. ಅಹಷ್ವೇರೋಷ ರಾಜನ ಕಾಲದಲ್ಲಿ, ಪರ್ಷಿಯಾದಲ್ಲಿ ಇದ್ದಾಗ ಜನ ಅದನ್ನು ತಾವಾಗಿಯೇ ಮತ್ತೆ ಒಪ್ಪಿಕೊಂಡರು. ಅಲ್ಲಿ ಬೆಟ್ಟವೂ ಇರಲಿಲ್ಲ, ಬೆಂಕಿಯೂ ಇರಲಿಲ್ಲ.

ಬಾಬಿಲೋನಿನ ಪಾಠಶಾಲೆಗಳಲ್ಲಿ ಸೀನಾಯಿ ಎನ್ನುವುದು ಮನುಷ್ಯರಿಗೆ ಕೊಡುವ ಹೆಸರೂ ಆಯಿತು. ಪರಂಪರೆಯೆಲ್ಲ ನೆನಪಿನಲ್ಲಿದ್ದ ವಿದ್ವಾಂಸನಿಗೆ ಸೀನಾಯಿ ಎಂದರು, ಚುರುಕು ತರ್ಕದವನಿಗೆ ಬೆಟ್ಟ ಕೀಳುವವನು ಎಂದರು. ರವ್ ಯೋಸೇಫ್ ಸೀನಾಯಿ, ಅವರ ಗೆಳೆಯ ರಬ್ಬಾ ಬೆಟ್ಟ ಕೀಳುವವರು. ಪಾಠಶಾಲೆಗೆ ಮುಖ್ಯಸ್ಥರು ಬೇಕಾದಾಗ ಇಬ್ಬರಲ್ಲಿ ಯಾರು ಎಂದು ಇಸ್ರಾಯೇಲ್ ನಾಡಿನ ಹಿರಿಯರನ್ನು ಕೇಳಿ ಕಳಿಸಿದರು. ಸೀನಾಯಿಗೇ ಮೊದಲ ಸ್ಥಾನ, ಗೋಧಿ ಇಟ್ಟುಕೊಂಡವನು ಎಲ್ಲರಿಗೂ ಬೇಕು ಎಂದು ಉತ್ತರ ಬಂತು. ರವ್ ಯೋಸೇಫ್ ಒಪ್ಪಲಿಲ್ಲ. ದೇವರು ಎತ್ತರದ ಬೆಟ್ಟಗಳನ್ನೆಲ್ಲ ಬಿಟ್ಟು ಸೀನಾಯಿಯ ಮೇಲೆ ಇಳಿದದ್ದನ್ನು ನೋಡಿ ಮನುಷ್ಯ ಕಲಿಯಬೇಕು ಎಂದು ಪಾಠ ಹೇಳಿದವರು ಇವರೇ. ರಬ್ಬಾ 22 ವರ್ಷ ಪಾಠಶಾಲೆ ನಡೆಸಿದರು. ಅಷ್ಟೂ ವರ್ಷ ರವ್ ಯೋಸೇಫ್ ದೊಡ್ಡಸ್ತಿಕೆ ತೋರಬಾರದೆಂದು ರಕ್ತ ತೆಗೆಯುವ ವೈದ್ಯನನ್ನು ಕೂಡ ಮನೆಗೆ ಕರೆಸಿಕೊಳ್ಳಲಿಲ್ಲ. ರಬ್ಬಾ ತೀರಿಕೊಂಡ ಮೇಲೆ ಎರಡೂವರೆ ವರ್ಷ ಆ ಜಾಗದಲ್ಲಿ ಕೂತರು.